ಒಳಗಿನಿಂದ ಹೊರಗೆ ಕಟ್ಟಿದ ಹಬೆ ದೋಣಿ

ಹಬೆ ದೋಣಿ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಜಾತ್ರೆಯಲ್ಲಿ ಮಾರುವ ತಗಡಿನ ದೋಣಿ. ಒಳಗೆ ಪುಟ್ಟ ದೀಪ ಹಚ್ಚಿಟ್ಟರೆ ಪಟಪಟ ಸದ್ದು ಮಾಡುತ್ತಾ ಬೋಗುಣಿಯಲ್ಲಿ ಸುತ್ತುತ್ತದಲ್ಲ, ಅದು. ಅದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ನಾನು ಕಟ್ಟಿದ್ದು ಬೇರೆ ಜಾತಿ. ಬಾಯ್ಲರ್ ಇದೆ, ಸಿಲಿಂಡರ್ ಇದೆ, ಪಿಸ್ಟನ್ ಇದೆ, ಹಿಂದೆ ಪ್ರೊಪೆಲ್ಲರ್ ಇದೆ. ಉದ್ದ 75 ಸೆಂಟಿಮೀಟರ್. ನೀರು, ಉರಿಸುವ ಸ್ಪಿರಿಟ್ ಎಲ್ಲ ಸೇರಿ ತೂಕ ಸುಮಾರು ನಾಲ್ಕೂವರೆ ಕೆಜಿ.

ದೋಣಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಒಡಲಿನಿಂದ ಶುರು ಮಾಡುತ್ತಾರೆ. ಕಣ್ಣಿಗೆ ಚೆನ್ನಾಗಿ ಕಾಣುವುದು ಅದೇ ತಾನೆ. ಆಮೇಲೆ ಅದರೊಳಗೆ ಬಾಯ್ಲರ್ ಹಿಡಿಸಲು ಒದ್ದಾಟ. ನಾನು ಸಿಲಿಂಡರಿನಿಂದ ಶುರು ಮಾಡಿದೆ. ಸಿಲಿಂಡರಿನ ಅಳತೆ ಗೊತ್ತಾದರೆ ಎಷ್ಟು ಹಬೆ ಬೇಕು ಅಂತ ಗೊತ್ತಾಗುತ್ತದೆ. ಹಬೆ ಗೊತ್ತಾದರೆ ಬಾಯ್ಲರ್, ಬಾಯ್ಲರ್ ಗೊತ್ತಾದರೆ ಬೆಂಕಿ. ಇಷ್ಟರ ತೂಕ ಹಾಕಿದ ಮೇಲೆ ದೋಣಿ ಎಷ್ಟು ದೊಡ್ಡದಿರಬೇಕು ಅನ್ನುವುದು ತಾನಾಗಿಯೇ ಬರುತ್ತದೆ.

ಸಿಲಿಂಡರ್ ಬೋರ್, ಅಂದರೆ ಒಳಗಿನ ಅಗಲ, 10 ಮಿ.ಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 15 ಮಿ.ಮೀ. ಎಂಜಿನ್ ಒಂದು ಸುತ್ತು ತಿರುಗಲು 1.18 ಸಿಸಿ ಹಬೆ. ಆಸಿಲೇಟಿಂಗ್ ಎಂಜಿನ್ ಆರಿಸಿಕೊಂಡೆ, ಯಾಕಂದರೆ ಅದರಲ್ಲಿ ವಾಲ್ವ್ ಅಂತ ಬೇರೆ ಇಲ್ಲ. ಸಿಲಿಂಡರೇ ಒಂದು ಪಿನ್ನಿನ ಮೇಲೆ ಅತ್ತಿತ್ತ ತೂಗುತ್ತದೆ. ಸಿಲಿಂಡರಿನ ಬೆನ್ನಿಗೆ ಒಂದು ತೂತು. ಅದು ಒರಗಿ ನಿಂತ ಹಿತ್ತಾಳೆ ಪ್ಲೇಟಿಗೆ ಎರಡು ತೂತು. ತೂಗುವಾಗ ಒಮ್ಮೆ ಒಳಗೆ ಬರುವ ಹಬೆಯ ತೂತಿಗೆ, ಒಮ್ಮೆ ಹೊರಗೆ ಹೋಗುವ ತೂತಿಗೆ ಕೂಡಿಕೊಳ್ಳುತ್ತದೆ.

ಈ ತೂತುಗಳ ಲೆಕ್ಕದಲ್ಲೇ ಎಂಜಿನ್ನಿನ ಪ್ರಾಣ ಇದೆ. ಪಿನ್ನಿನಿಂದ, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟಿಗೆ 40 ಮಿ.ಮೀ., ಆ ಶಾಫ್ಟಿನ ತೋಳು (ಕ್ರ್ಯಾಂಕ್) 7.5 ಮಿ.ಮೀ. ತೂತು ಪಿನ್ನಿನಿಂದ 12 ಮಿ.ಮೀ. ದೂರ ಇದ್ದರೆ ಅದು ನಡುವಿನಿಂದ ಆ ಕಡೆ 2.25, ಈ ಕಡೆ 2.25 ಮಿ.ಮೀ. ಸರಿಯುತ್ತದೆ. ಹಾಗಾಗಿ ಪ್ಲೇಟಿನ ಎರಡು ತೂತುಗಳ ನಡುವೆ ನಾಲ್ಕೂವರೆ ಮಿ.ಮೀ. ಅಂತರ. ಡ್ರಿಲ್ 2 ಮಿ.ಮೀ. ಸಿಲಿಂಡರ್ ನಡುವೆ ಬಂದಾಗ ಎರಡೂ ಕಡೆ ಕಾಲು ಮಿಲಿಮೀಟರ್ ಲೋಹ ಅಡ್ಡ ಇರುತ್ತದೆ. ಹಬೆ ಜಾಸ್ತಿ ಬರಲಿ ಅಂತ ಎರಡೂವರೆಯ ಡ್ರಿಲ್ ಹಾಕಿದರೆ ಮುಗಿಯಿತು. ಬಂದ ಹಬೆ ಪಿಸ್ಟನ್ ತಳ್ಳದೆ ನೇರ ಹೊರಗೆ ಓಡಿಹೋಗುತ್ತದೆ.

ನನ್ನ ಹತ್ತಿರ ಲೇಥ್ ಇಲ್ಲ. ಬೋರ್ ಮತ್ತು ಪಿಸ್ಟನ್ ಮಾಡಿಸಿದ್ದು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ. ಚಿತ್ರ ಕೊಟ್ಟಾಗ ಟರ್ನರ್ ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇದು ಯಾವ ಮೆಷಿನ್‌ದು? ಇಷ್ಟು ಚಿಕ್ಕ ಜಾಬ್ ಚಕ್‌ನಲ್ಲಿ ಕಾಣೋದೇ ಇಲ್ಲ" ಅಂದರು. ದೋಣಿ ಅಂದೆ. ನಕ್ಕರು. ಆದರೆ ಬೋರಿಗೆ ರೀಮರ್ (ತೂತನ್ನು ನಯವಾಗಿ ಅಳತೆಗೆ ತರುವ ಉಪಕರಣ) ಹಾಕಿದ ರೀತಿ ನೋಡಿದರೆ ಕೈಯಲ್ಲಿ ಒಳ್ಳೆ ಪಳಗಿದ ಕೆಲಸ ಇತ್ತು. ಎಣ್ಣೆ ಸವರಿದ ಪಿಸ್ಟನ್ ಒಳಗೆ ಬಿಟ್ಟು ತಳ ಬೆರಳಿನಿಂದ ಮುಚ್ಚಿದರೆ ಅಲ್ಲೇ ನಿಲ್ಲುತ್ತಿತ್ತು. ಬೆರಳು ತೆಗೆದರೆ ನಿಧಾನವಾಗಿ ಜಾರುತ್ತಿತ್ತು.

ಉಳಿದದ್ದೆಲ್ಲ ಮನೆಯಲ್ಲೇ. ಸಿಲಿಂಡರಿನ ಬೆನ್ನು ಮತ್ತು ಪ್ಲೇಟು ಒಂದಕ್ಕೊಂದು ಕೂರುವ ಮುಖ ಸಪಾಟಾಗಬೇಕು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿ, ನೀರು ಚಿಮುಕಿಸಿ, ಎಂಟರ ಆಕಾರದಲ್ಲಿ ಉಜ್ಜುತ್ತಾ ಹೋದೆ. ಮೊದಲು 600ರ ಕಾಗದ, ಆಮೇಲೆ 1000, ಕೊನೆಗೆ ಇನ್ನೂ ನಯವಾದ 2000. ಉಜ್ಜುವ ಮುಂಚೆ ಮುಖಕ್ಕೆಲ್ಲ ಮಾರ್ಕರ್ ಬಳಿಯಬೇಕು. ನಾಲ್ಕು ಸಲ ಉಜ್ಜಿದರೆ ಎಲ್ಲಿ ಶಾಯಿ ಉಳಿದಿದೆ ಅಂತ ಕಾಣುತ್ತದೆ. ಶಾಯಿ ಉಳಿದ ಕಡೆ ತಗ್ಗು. ಮೂಲೆಯಲ್ಲಿದ್ದ ನೀಲಿ ಕಲೆ ಹೋಗುವುದಕ್ಕೆ ಒಂದು ಸಂಜೆ ಪೂರ್ತಿ ಬೇಕಾಯಿತು. ಒತ್ತಿ ಉಜ್ಜಿದರೆ ಬೇಗ ಆಗುತ್ತದೆ ಅನ್ನಿಸುತ್ತದೆ, ಆದರೆ ಅಂಚು ದುಂಡಗಾಗುತ್ತದೆ. ಜಾಬಿನ ಭಾರದಲ್ಲೇ ಬಿಡಬೇಕು.

ಪಿನ್ನಿನ ಹಿಂದೆ ಒಂದು ಸ್ಪ್ರಿಂಗ್ ಇರುತ್ತದೆ. ಅದೇ ಸಿಲಿಂಡರನ್ನು ಪ್ಲೇಟಿಗೆ ಒತ್ತಿ ಹಿಡಿಯುವುದು. ಬಿಗಿ ಮಾಡಿದರೆ ಎಂಜಿನ್ ಸೋಮಾರಿ. ಸಡಿಲ ಬಿಟ್ಟರೆ ಹಬೆ ಸೋರಿಕೆ. ಹದ ಸಿಗುವುದು ಎಂಜಿನ್ ಓಡುವಾಗಲೇ.

ಈಗ ಬಾಯ್ಲರ್. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ದೇಶದ ಬಾಯ್ಲರ್ ಕಾನೂನು 25 ಲೀಟರ್‌ಗಿಂತ ಕಮ್ಮಿ ಹಿಡಿಯುವ ಬಾಯ್ಲರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನದು ಬರೀ ಕಾಲು ಲೀಟರ್. ಅಂದರೆ ಯಾವ ಇನ್‌ಸ್ಪೆಕ್ಟರೂ ಬಂದು ನೋಡುವುದಿಲ್ಲ, ನೋಡಬೇಕಾದವರು ನಾವೇ.

ಆಸ್ಪತ್ರೆಗಳಲ್ಲಿ ಆಕ್ಸಿಜನ್ ಸಾಗಿಸಲು ಗೋಡೆಗುಂಟ ತಾಮ್ರದ ಪೈಪ್ ಹಾಕಿರುತ್ತಾರೆ, ನೋಡಿರಬಹುದು. ಆ ಕೆಲಸದ ಕಂಟ್ರಾಕ್ಟರ್ ಒಬ್ಬರ ಹತ್ತಿರ 54 ಮಿ.ಮೀ. ಪೈಪಿನ ಒಂದು ತುಂಡು ಸಿಕ್ಕಿತು. ದಪ್ಪ 1.2 ಮಿ.ಮೀ. ಅದರಲ್ಲಿ 120 ಮಿ.ಮೀ. ಕತ್ತರಿಸಿಕೊಂಡೆ. ನಾನು ಓಡಿಸುವುದು 2 ಬಾರ್ ಒತ್ತಡದಲ್ಲಿ. ಮನೆಯ ಕುಕ್ಕರ್ ಸುಮಾರು 1 ಬಾರ್‌ಗೆ ಕೂಗುತ್ತದೆ, ಅಂದರೆ ಅದರ ಎರಡರಷ್ಟು. ಈ ಒತ್ತಡಕ್ಕೆ ಪೈಪಿನ ಗೋಡೆ ಏನೂ ಅಲ್ಲ. ಚಿಂತೆ ಇರುವುದು ಎರಡು ತುದಿಯ ಚಪ್ಪಟೆ ಮುಚ್ಚಳಗಳದ್ದು. ಒಂದೊಂದರ ಮೇಲೂ 42 ಕೆಜಿ ಭಾರ ಒತ್ತುತ್ತಿರುತ್ತದೆ. ಅದಕ್ಕೇ 2 ಮಿ.ಮೀ. ತಾಮ್ರದ ತಗಡು ಹಾಕಿದೆ. ನಡುವೆ ಈ ತುದಿಯಿಂದ ಆ ತುದಿಗೆ ಒಂದು ಕಂಚಿನ ಸರಳು ಹಾಯಿಸಿದೆ.

ಮುಚ್ಚಳದ ಅಂಚು ಮಡಚುವುದು ಚೆಂದದ ಕೆಲಸ. ಗಟ್ಟಿ ಮರದ ಅಚ್ಚಿನ ಮೇಲಿಟ್ಟು ಸುತ್ತಲೂ ತಟ್ಟುತ್ತಾ ಬರಬೇಕು. ಸ್ವಲ್ಪ ಹೊತ್ತು ತಟ್ಟಿದರೆ ತಾಮ್ರ ಸೆಟೆದುಕೊಳ್ಳುತ್ತದೆ, ಸುತ್ತಿಗೆಯ ಸದ್ದೇ ಬದಲಾಗುತ್ತದೆ. ಆಗ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕು ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರದ ಗುಣ ಬೇರೆ.

ಬೆಸುಗೆ ಬೆಳ್ಳಿಯದೇ ಆಗಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯ ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ. 2 ಬಾರ್ ಹಬೆ ಸುಮಾರು 134 ಡಿಗ್ರಿ ಇರುತ್ತದೆ, ಹಾಗಾದರೆ ಸಾಕಲ್ಲ ಅನ್ನಬಹುದು. ನೀರು ಇರುವವರೆಗೆ ಸಾಕು. ನೀರು ಖಾಲಿಯಾಗಿ ಬೆಂಕಿ ಉರಿಯುತ್ತಿದ್ದರೆ ಬಾಯ್ಲರ್ ಬಾಯಿ ಬಿಡುತ್ತದೆ. ಎಸಿ ರಿಪೇರಿಯವರು ಬಳಸುವ, 45 ಪರ್ಸೆಂಟ್ ಬೆಳ್ಳಿ ಇರುವ ಬ್ರೇಜಿಂಗ್ ಕಡ್ಡಿ 600 ಡಿಗ್ರಿ ದಾಟಿದ ಮೇಲೇ ಕರಗುವುದು. ಕ್ಯಾಡ್ಮಿಯಂ ಇಲ್ಲದ್ದು ಅಂತ ಕೇಳಿ ತೆಗೆದುಕೊಳ್ಳಿ, ಅದರ ಹೊಗೆ ವಿಷ. ವಾಲ್ವ್ ಕೂರಿಸುವ ಬುಷ್‌ಗಳಿಗೆ (ಲೋಹದ ಬಳೆಗಳಿಗೆ) ಹಿತ್ತಾಳೆ ಬೇಡ, ಕಂಚಿನ ಜಾತಿಯ ಗನ್ ಮೆಟಲ್ ಇರಲಿ. ಬಿಸಿನೀರಿನಲ್ಲಿ ಹಿತ್ತಾಳೆಯ ಸತುವು ವರ್ಷ ಕಳೆದಂತೆ ಬಿಟ್ಟುಹೋಗಿ ಒಳಗೊಳಗೇ ಟೊಳ್ಳಾಗುತ್ತದೆ.

ತಾಮ್ರಕ್ಕೆ ಶಾಖ ಕೊಡುವುದೇ ಒಂದು ಸಾಹಸ. ಇಲ್ಲಿ ಕಾಯಿಸಿದರೆ ಅಲ್ಲಿಗೆ ಓಡುತ್ತದೆ. ಸುತ್ತ ಇನ್ಸುಲೇಷನ್ ಇಟ್ಟಿಗೆ ಜೋಡಿಸಿ, ಎರಡು ಟಾರ್ಚ್ ಹಚ್ಚಿ, ಇಡೀ ಬಾಯ್ಲರನ್ನೇ ಮಂಕು ಕೆಂಪಿಗೆ ತಂದೆವು. ಎರಡನೇ ಟಾರ್ಚ್ ಹಿಡಿದವನು ನನ್ನ ಭಾವಮೈದ. ಬೆಸುಗೆ ಹಿಡಿಯಲಿ ಅಂತ ಸವರಿದ ಫ್ಲಕ್ಸ್ ಮೊದಲು ಬುರುಗಾಗಿ ಉಬ್ಬುತ್ತದೆ, ಆಮೇಲೆ ಕರಗಿ ತಿಳಿಯಾಗುತ್ತದೆ. ಆಗ ಕಡ್ಡಿ ಮುಟ್ಟಿಸಿದರೆ ಬೆಳ್ಳಿ ಸರ್ರನೆ ಅಂಚಿನ ಸುತ್ತ ಓಡುತ್ತದೆ. ಆ ಹೊಳೆಯುವ ಗೆರೆ ಒಂದು ಸುತ್ತು ಪೂರ್ತಿ ಬಂದು ಕೂಡಿಕೊಂಡಿದ್ದು ನೋಡಿ ಇಬ್ಬರೂ ಕೂಗಿಬಿಟ್ಟೆವು.

ಪರೀಕ್ಷೆ ಮಾಡಿದ್ದು ತಣ್ಣೀರಿನಿಂದ, 4 ಬಾರ್‌ಗೆ. ಓಡಿಸುವ ಒತ್ತಡದ ಎರಡು ಪಟ್ಟು. ಗಾಳಿ ತುಂಬಿ ಪರೀಕ್ಷೆ ಮಾಡಲೇಬಾರದು. ನೀರು ಕುಗ್ಗುವುದಿಲ್ಲ, ಹಾಗಾಗಿ ಎಲ್ಲಾದರೂ ಬಿಟ್ಟರೆ ಒಂದು ಚಿಲುಮೆ ಬಂದು ನಿಲ್ಲುತ್ತದೆ, ಅಷ್ಟೇ. ಗಾಳಿ ಹಾಗಲ್ಲ, ಸಿಡಿಯುತ್ತದೆ. ಅಪಾರ್ಟ್‌ಮೆಂಟಿನ ಪೈಪ್ ಪರೀಕ್ಷಿಸುವ ಕೈಪಂಪನ್ನು ನಮ್ಮ ಪ್ಲಂಬರ್ ಹತ್ತಿರ ಕೇಳಿ ತಂದೆ. "ನಾವು 10 ಕೆಜಿಗೆ ಹಾಕ್ತೀವಿ ಸಾರ್, ನೀವು ನಾಲ್ಕಕ್ಕೇ ಹೆದರ್ತೀರಲ್ಲ" ಅಂತ ರೇಗಿಸಿದರು. ಅವರ ಕೆಜಿ ಅಂದರೆ ಹೆಚ್ಚುಕಮ್ಮಿ ಬಾರ್. ಅರ್ಧ ಗಂಟೆ ಗೇಜಿನ ಮುಳ್ಳು ಇದ್ದಲ್ಲೇ ಇತ್ತು. ಮುಚ್ಚಳದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಉಬ್ಬಿಲ್ಲ ಅಂತ ನೋಡಿಕೊಂಡೆ.

ಸೇಫ್ಟಿ ವಾಲ್ವ್ ಸರಳ. 4 ಮಿ.ಮೀ. ತೂತಿನ ಮೇಲೆ ಸ್ಟೇನ್‌ಲೆಸ್ ಗುಂಡು, ಅದರ ಮೇಲೆ ಸ್ಪ್ರಿಂಗ್. 2 ಬಾರ್‌ಗೆ ಆ ಗುಂಡನ್ನು ಹಬೆ ಎತ್ತುವುದು ಕಾಲು ಕೆಜಿ ಬಲದಲ್ಲಿ. ಸ್ಪ್ರಿಂಗನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒತ್ತಿ, 250 ಗ್ರಾಮ್ ತೋರಿಸುವಾಗ ಉದ್ದ ಎಷ್ಟು ಅಂತ ಅಳೆದೆ. ಕೊನೆಯ ಹೊಂದಾಣಿಕೆ ಪ್ರೆಶರ್ ಗೇಜ್ ನೋಡಿಯೇ.

ಬೆಂಕಿಗೆ ಬ್ಯೂಟೇನ್ ಗ್ಯಾಸ್ ಬಳಸುವವರು ಬಹಳ. ನಾನು ಸ್ಪಿರಿಟ್ ದೀಪಕ್ಕೇ ಅಂಟಿಕೊಂಡೆ. ಬ್ಯೂಟೇನ್ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಸ್ಪಿರಿಟ್‌ಗೂ ಒಂದು ದುರ್ಗುಣ ಇದೆ. ಬಿಸಿಲಲ್ಲಿ ಅದರ ಉರಿ ಕಣ್ಣಿಗೇ ಕಾಣುವುದಿಲ್ಲ. ಕೈ ಹಾಕುವ ಮುಂಚೆ ನೆರಳು ಮಾಡಿ ನೋಡಬೇಕು. ಅದರ ಬದಲು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದರೆ ಹಳದಿ ಉರಿ, ಬಾಯ್ಲರ್ ತುಂಬ ಮಸಿ. ಮೂರು ಬತ್ತಿಯ ತಗಡಿನ ದೀಪ ಮಾಡಿ ಬಾಯ್ಲರ್ ಅಡಿಗೆ ಇಟ್ಟೆ.

ಇಡೀ ದೋಣಿಯಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ನೀರಿಗಿಂತ ಮೊದಲು ಬೆಂಕಿ ಮುಗಿಯಬೇಕು. ಬಾಯ್ಲರಿಗೆ 165 ಎಂಎಲ್ ನೀರು ಹಾಕುತ್ತೇನೆ, ದೀಪಕ್ಕೆ 35 ಎಂಎಲ್ ಸ್ಪಿರಿಟ್. ಎರಡನ್ನೂ ಸಿರಿಂಜ್‌ನಿಂದ ಅಳೆದು. ನಿಮಿಷಕ್ಕೆ 4 ಗ್ರಾಮ್‌ನಂತೆ ನೀರು ಹೋಗುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ದೀಪ ಆರುವಾಗ ತಳದಲ್ಲಿ ಇನ್ನೂ ನೀರು ಇರುತ್ತದೆ. ಬೋರ್‌ವೆಲ್ ನೀರು ಮುಟ್ಟಿಸುವುದಿಲ್ಲ, ಮಳೆನೀರು ಅಥವಾ ಬ್ಯಾಟರಿ ವಾಟರ್ ಮಾತ್ರ.

ಲೆಕ್ಕ ಹಾಕಿ ನೋಡಿದರೆ ನಗು ಬರುತ್ತದೆ. ದೀಪದ ಶಾಖ ಹೆಚ್ಚುಕಮ್ಮಿ 500 ವ್ಯಾಟ್. ಶಾಫ್ಟಿಗೆ ಸಿಗುವುದು ಎರಡು ವ್ಯಾಟ್‌ಗೂ ಕಮ್ಮಿ. ಅರ್ಧ ಪರ್ಸೆಂಟೂ ಇಲ್ಲ! ಇಷ್ಟರಲ್ಲಿ ದೋಣಿ ಹೋಗಬೇಕು ಅಂದರೆ ಪ್ರೊಪೆಲ್ಲರ್ ದೊಡ್ಡದಿರಬೇಕು. ಹಬೆ ಎಂಜಿನ್ ನಿಮಿಷಕ್ಕೆ 800 ಸುತ್ತಿನ ಆಸುಪಾಸು ತಿರುಗುತ್ತದೆ. ಬ್ಯಾಟರಿ ಮೋಟಾರಿನ ಚಿಕ್ಕ ಪ್ಲಾಸ್ಟಿಕ್ ಪ್ರೊಪೆಲ್ಲರ್ ಇದಕ್ಕೆ ಸಾಲದು. ಹಿತ್ತಾಳೆ ತಗಡಿನಲ್ಲಿ ಮೂರು ರೆಕ್ಕೆ ಕತ್ತರಿಸಿ 55 ಮಿ.ಮೀ.ದು ನಾನೇ ಬೆಸೆದೆ.

ಒಡಲಿನ ಬಗ್ಗೆ ಹೇಳುವುದು ಕಮ್ಮಿ. ಪ್ಲೈವುಡ್ ಪಕ್ಕೆಲುಬು, ಅದರ ಮೇಲೆ ನಮ್ಮ ಮೂಡಿಗೆರೆ ಕಡೆಯ ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರದ ಪಟ್ಟಿಗಳು, ಹೊರಗೆ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ. 20 ಸೆಂ.ಮೀ. ಅಗಲ. 6 ಸೆಂ.ಮೀ. ಮುಳುಗಿದರೆ ಈ ಆಕಾರಕ್ಕೆ ನಾಲ್ಕೂವರೆ ಕೆಜಿ ಹೊರುತ್ತದೆ. ಬಾಯ್ಲರ್ ಎತ್ತರದಲ್ಲಿ ಕೂರುವುದರಿಂದ ತಳಕ್ಕೆ ಸೀಸ ಹಾಕಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ವಾಲಿ ದೀಪದ ಸ್ಪಿರಿಟ್ ಚೆಲ್ಲುತ್ತದೆ. ರೇಡಿಯೊ ಇರುವುದು ಚುಕ್ಕಾಣಿಗೆ ಮಾತ್ರ. ಈ ಎಂಜಿನ್ನಿಗೆ ರಿವರ್ಸ್ ಇಲ್ಲ, ತಾನಾಗಿ ಸ್ಟಾರ್ಟ್ ಕೂಡ ಆಗುವುದಿಲ್ಲ. ಶಾಫ್ಟಿನ ಭಾರದ ಚಕ್ರವನ್ನು (ಫ್ಲೈವೀಲ್) ಬೆರಳಿನಿಂದ ತಿರುಗಿಸಬೇಕು. ಮೊದಲ ಕೆಲವು ಸುತ್ತು ತಣ್ಣನೆಯ ಸಿಲಿಂಡರಿನಿಂದ ಬರೀ ನೀರು ಉಗುಳುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ.

ಓಡಿಸುವುದು ತೋಟದ ಕೆರೆಯಲ್ಲಿ. ವೇಗ ನಿಧಾನವಾಗಿ ನಡೆಯುವವರಷ್ಟು. ಸಿಲಿಂಡರಿಗೆ ಹಬೆಯ ಜೊತೆ ಎಣ್ಣೆ ಹೋಗುತ್ತಿರುತ್ತದೆ. ಎಣ್ಣೆ ತುಂಬಿಡುವ ಲ್ಯೂಬ್ರಿಕೇಟರಿನಲ್ಲಿ ಹಬೆ ನೀರಾಗಿ ಕೆಳಗಿಳಿದು, ಎಣ್ಣೆಯನ್ನು ಮೇಲಕ್ಕೆ ತಳ್ಳಿ ಕಳಿಸುತ್ತದೆ. ಆ ಎಣ್ಣೆ ಕೆರೆಗೆ ಹೋಗದಂತೆ ಹೊರಗೆ ಹೋಗುವ ಹಬೆಯ ದಾರಿಯಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಓಟ ಮುಗಿದು ಗೇಜ್ ಸೊನ್ನೆಗೆ ಇಳಿದ ತಕ್ಷಣ ನೀರು ಹಾಕುವ ಮುಚ್ಚಳ ಬಿಚ್ಚಬೇಕು. ಹಾಗೇ ಬಿಟ್ಟರೆ ಬಾಯ್ಲರ್ ತಣ್ಣಗಾಗುವಾಗ ಒಳಗೆ ನಿರ್ವಾತವಾಗಿ ಲ್ಯೂಬ್ರಿಕೇಟರಿನ ಎಣ್ಣೆಯನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ನೊರೆ ಎದ್ದು ಸಿಲಿಂಡರಿಗೆ ನುಗ್ಗುತ್ತದೆ.

ಈಗ ಡಬಲ್ ಆಕ್ಟಿಂಗ್ ಸಿಲಿಂಡರ್ ಹಾಕುವ ಆಸೆ ಹುಟ್ಟಿದೆ. ಪಿಸ್ಟನ್ನಿನ ಎರಡೂ ಕಡೆ ಹಬೆ, ಅಂದರೆ ಪ್ರತಿ ಸುತ್ತಿಗೂ ಬೇಕಾಗುವ ಹಬೆ ಹೆಚ್ಚುಕಮ್ಮಿ ಎರಡು ಪಟ್ಟು. ಈ ಬಾಯ್ಲರ್ ಸಾಲದು, ಮೂರು ಬತ್ತಿ ಸಾಲದು, ಆ ತೂಕಕ್ಕೆ ಈ ಒಡಲೂ ಸಾಲದು. 76 ಮಿ.ಮೀ. ತಾಮ್ರದ ಪೈಪಿನ ತುಂಡು ಸಿಗುತ್ತಾ ಅಂತ ಆ ಕಂಟ್ರಾಕ್ಟರಿಗೆ ಫೋನ್ ಮಾಡಿದ್ದೇನೆ.