ಕಾಳಗದ ರೋಬೋ: ಮೊದಲ ಯಂತ್ರವನ್ನು ಕಟ್ಟುವ ಬಗೆ

ಅಖಾಡದಲ್ಲಿ ರಿಮೋಟಿನಿಂದ ನಡೆಸಿ ಎದುರಾಳಿ ಯಂತ್ರದೊಡನೆ ಹೋರಾಡಿಸುವ ಕಾಳಗದ ರೋಬೋ ಎಂದೊಡನೆ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್, ಡಿಪ್ಲೊಮಾ ವಿದ್ಯಾರ್ಥಿಗಳು ಮೊದಲು ತಿರುಗುವ ಬ್ಲೇಡಿನ ಚಿತ್ರ ಬರೆಯುತ್ತಾರೆ. ಆದರೆ ಅಖಾಡದಲ್ಲಿ ಚಲನೆ ನಿಂತ ಯಂತ್ರವು ನಿರ್ಣಾಯಕರ ಎಣಿಕೆ ಮುಗಿಯುತ್ತಲೇ ಸೋಲುತ್ತದೆ. ಆದ್ದರಿಂದ ಪೆಟ್ಟು ತಿಂದ ಮೇಲೂ ಓಡುವ ಗಾಲಿ ಮತ್ತು ಕಳಚದ ತಂತಿಯೇ ವಿನ್ಯಾಸದ ಮೊದಲ ಗುರಿಯಾಗಬೇಕು.

ಕಾಲೇಜು ಸ್ಪರ್ಧೆಗಳಲ್ಲಿ 15 ಕೆಜಿ, 60 ಕೆಜಿ ವರ್ಗಗಳಿದ್ದರೂ, ಮೊದಲ ಸಲಕ್ಕೆ ಬೀಟಲ್‌ವೇಟ್ ಎಂಬ 3 ಪೌಂಡ್, ಅಂದರೆ ಸುಮಾರು 1.36 ಕೆಜಿ ವರ್ಗವೇ ಸೂಕ್ತ. ಖರ್ಚೂ ಅಪಾಯವೂ ಕಡಿಮೆ. ಯಾವ ಭಾಗವನ್ನೂ ಕೊಳ್ಳುವ ಮೊದಲು ತೂಕದ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ಚೌಕಟ್ಟಿಗೂ ಕವಚಕ್ಕೂ ಸೇರಿ 500 ಗ್ರಾಂ, ಗಾಲಿ ಮತ್ತು ಗೇರ್ ಮೋಟರುಗಳಿಗೆ 300, ಆಯುಧಕ್ಕೂ ಅದರ ಮೋಟರಿಗೂ 300, ಬ್ಯಾಟರಿ ಮತ್ತು ವಿದ್ಯುತ್ ಭಾಗಗಳಿಗೆ 200 ಎಂದು ಹಂಚಿದರೆ 60 ಗ್ರಾಂ ಉಳಿಯುತ್ತದೆ. ಬೋಲ್ಟು, ತಂತಿ, ಬೆಸುಗೆಗಳು ಅದನ್ನು ನುಂಗುವುದರಿಂದ ಆ ಉಳಿಕೆಯನ್ನು ಬೇರೆಯದಕ್ಕೆ ಬಳಸಬೇಡಿ.

60 ಮಿಮೀ ವ್ಯಾಸದ ಗಾಲಿಯು ನಿಮಿಷಕ್ಕೆ 800 ಸುತ್ತು ತಿರುಗಿದರೆ ಯಂತ್ರವು ಸೆಕೆಂಡಿಗೆ ಸುಮಾರು 2.5 ಮೀಟರ್ ಓಡುತ್ತದೆ. ಚಿಕ್ಕ ಅಖಾಡಕ್ಕೆ ಇದು ಧಾರಾಳ. ಚೌಕಟ್ಟಿಗೆ ಅಲ್ಯೂಮಿನಿಯಂಗಿಂತ ದಪ್ಪನೆಯ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ಬಾಗಿ ಪೆಟ್ಟನ್ನು ಹೀರಿಕೊಂಡು ಮತ್ತೆ ಮೊದಲಿನಂತಾಗುತ್ತದೆ.

ಆಯುಧದಲ್ಲಿ ಎಲ್ಲರೂ ವೇಗದ ಹಿಂದೆ ಬೀಳುತ್ತಾರೆ. 150 ಮಿಮೀ ಉದ್ದ, 200 ಗ್ರಾಂ ತೂಕದ ಸರಳ ಪಟ್ಟಿಯೊಂದು ನಿಮಿಷಕ್ಕೆ 8,000 ಸುತ್ತಿನಲ್ಲಿ ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 226 ಕಿಮೀ, ಅದರಲ್ಲಿರುವ ಶಕ್ತಿ ಸುಮಾರು 130 ಜೂಲ್. ವೇಗವನ್ನು ಇಮ್ಮಡಿಸಿದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ, ನಿಜ. ಆದರೆ ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಮುನ್ನುಗ್ಗುವಾಗ, ಎರಡು ತುದಿಯ ಈ ಪಟ್ಟಿಯ ಒಂದು ತುದಿ ಹಾದು ಮತ್ತೊಂದು ಬರುವಷ್ಟರಲ್ಲಿ ಎದುರಾಳಿ ಒಳಕ್ಕೆ ಸರಿಯುವುದು ಸುಮಾರು 9 ಮಿಮೀ ಮಾತ್ರ. 16,000 ಸುತ್ತಿಗೆ ಏರಿಸಿದರೆ ಅದು 5 ಮಿಮೀಗೂ ಕಡಿಮೆಯಾಗಿ, ಬ್ಲೇಡು ಹಿಡಿತ ಸಿಗದೆ ಸವರಿಕೊಂಡು ಹೋಗುತ್ತದೆ. ಒಂದೇ ಹಲ್ಲಿನ ಬ್ಲೇಡಾದರೆ 8,000 ಸುತ್ತಿನಲ್ಲಿ ಆ ಅಂತರ ಸುಮಾರು 19 ಮಿಮೀ ಆಗುತ್ತದೆ. ಅದನ್ನು ಸಮತೋಲನಕ್ಕೆ ತರುವುದು ಕಷ್ಟವಾದರೂ ಪೆಟ್ಟು ಆಳವಾಗಿ ಬೀಳುತ್ತದೆ.

ಬ್ಲೇಡಿಗೆಂದು ಹಳೆಯ ಲಾರಿಯ ಕಮಾನುಪಟ್ಟಿಯ ತುಂಡು ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ವರ್ಷಗಟ್ಟಲೆ ಭಾರ ಹೊತ್ತ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಇಎನ್24 ಎಂಬ ಗಟ್ಟಿ ಮಿಶ್ರಲೋಹದ ಹೊಸ ಉಕ್ಕನ್ನು ತಂದು, ಕತ್ತರಿಸಿ, ರಂಧ್ರ ಕೊರೆದ ನಂತರವೇ ಕಾಯಿಸಿ ತಣಿಸಿ ಹದಗೊಳಿಸಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ಲೇಥ್ ಕೆಲಸಕ್ಕೆ ಹೋಗುವಾಗ ಅಳತೆ ಬರೆದ ನಕ್ಷೆಯನ್ನು ಕೊಂಡೊಯ್ಯಿರಿ, ಬೇರಿಂಗ್ ಕೂರುವ ಜಾಗದ ಬಿಗುವನ್ನು ಅದರಲ್ಲಿ ಸ್ಪಷ್ಟವಾಗಿ ಗುರುತಿಸಿರಿ.

ಮೂರು ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ 12.6 ವೋಲ್ಟ್ ಇರುತ್ತದೆ. ಅದನ್ನು ಪ್ರತಿ ಕೋಶವನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟು, ಎದುರು ಕುಳಿತೇ ಚಾರ್ಜ್ ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು. ರಿಮೋಟಿನ ಸಂಕೇತ ತಪ್ಪಿದೊಡನೆ ಗಾಲಿಯೂ ಆಯುಧವೂ ನಿಲ್ಲುವಂತೆ ರಿಸೀವರನ್ನು ಹೊಂದಿಸಿ, ಬ್ಲೇಡನ್ನು ಬಿಚ್ಚಿಟ್ಟು, ರಿಮೋಟನ್ನು ಆಫ್ ಮಾಡಿ ಪರೀಕ್ಷಿಸಿರಿ. ಬ್ಲೇಡು ಕೂಡಿಸಿದ ಮೇಲಿನ ಪರೀಕ್ಷೆ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ದಪ್ಪ ಪೆಟ್ಟಿಗೆಯೊಳಗೇ ನಡೆಯಬೇಕು. ಅಕ್ರಿಲಿಕ್ ಪೆಟ್ಟಿಗೆ ಬೇಡ, ಅದು ಚೂರುಚೂರಾಗಿ ಸಿಡಿಯುತ್ತದೆ. ಪೆಟ್ಟಿಗೆಯ ಹೊರಗಿರುವಷ್ಟು ಹೊತ್ತೂ ಬ್ಲೇಡಿಗೆ ತಡೆಪಿನ್ನು ಹಾಕಿರಲೇಬೇಕು.

ಇನ್ನುಳಿದ ದಿನಗಳನ್ನು ಆಯುಧವಿಲ್ಲದೆ ಓಡಿಸುವ ಅಭ್ಯಾಸಕ್ಕೆ ಕೊಡಿ, ಪ್ರತಿ ಓಟದ ನಂತರ ಬೋಲ್ಟುಗಳನ್ನು ಬಿಗಿಮಾಡಿ, ಬೆಸುಗೆಗಳನ್ನು ಎಳೆದು ನೋಡಿ. ಸ್ಪರ್ಧೆಗೆ ಹೊರಡುವಾಗ ಎರಡನೆಯ ಬ್ಲೇಡಿಗಿಂತ ಮೊದಲು ಎರಡನೆಯ ಜೊತೆ ಗಾಲಿ ಮತ್ತು ಒಂದು ಗೇರ್ ಮೋಟರನ್ನು ಚೀಲಕ್ಕೆ ಹಾಕಿಕೊಳ್ಳಿ.