ಸರ್ಕಾರ ಪ್ರತಿ ಸಲ ಯಾಕೆ ಮಗುಚ್ತದೆ ಅಂತ ನೀವೇ ಲೆಕ್ಕ ಹಾಕಿ ನೋಡುದು ಹೇಗೆ

ಚುನಾವಣೆ ರಿಸಲ್ಟ್ ಬಂದ ಮರುದಿನ ಮಂಗ್ಳೂರಿನ ಸ್ಟೇಟ್‌ಬ್ಯಾಂಕ್ ಹತ್ರ ಯಾವ ಹೋಟೆಲಿಗೆ ಹೋದ್ರೂ ಒಂದೇ ಮಾತು, "ಜನರಿಗೆ ಸಾಕಾಯ್ತು ಮಾರಾಯ್ರೆ, ಓಡಿಸಿದ್ರು". ಅರ್ಧ ಸರಿ ಅಷ್ಟೇ. ಪೂರ್ತಿ ಗೊತ್ತಾಗ್ಬೇಕಾದ್ರೆ ಮೊದಲು ಸೀಟಿನ ಲೆಕ್ಕ ಬದಿಗಿಡಿ, ಎಲೆಕ್ಷನ್ ಕಮಿಷನ್ ಸೈಟಿಂದ ಹಿಂದಿನ ಎರಡು ಚುನಾವಣೆಯ ಓಟಿನ ಪರ್ಸೆಂಟ್ ತೆಗ್ದು ಅಕ್ಕಪಕ್ಕ ಬರ್ಕೊಳ್ಳಿ.

ನಮ್ಮ ರಾಜ್ಯದ್ದೇ ನೋಡಿ. 2018ರಲ್ಲಿ ಬಿಜೆಪಿಗೆ ಸುಮಾರು 36 ಪರ್ಸೆಂಟ್, ಸೀಟು 104. 2023ರಲ್ಲೂ ಹೆಚ್ಚುಕಮ್ಮಿ ಅದೇ 36, ಸೀಟು ಮಾತ್ರ 66! ಜೆಡಿಎಸ್ 18ರಿಂದ 13ಕ್ಕೆ ಇಳೀತು, ಕಾಂಗ್ರೆಸ್ 38ರಿಂದ 43ರ ಹತ್ರ ಹೋಗಿ 135 ಸೀಟು ಹೊಡೀತು. ಅಂದ್ರೆ ಆಳುವ ಪಕ್ಷದ ಓಟು ಕರಗುದೇ ಬೇಡ, ಎದುರಿನ ಓಟು ಒಂದ್ಕಡೆ ಸೇರಿದ್ರೆ ಸಾಕು. ಆದ್ರೆ ಇಲ್ಲಿಗೇ ನಿಲ್ಲಿಸ್ಬೇಡಿ, ಪ್ರಾಂತ್ಯವಾರು ಒಡೆದು ನೋಡಿ, ಹಳೆ ಮೈಸೂರು ಕಡೆ ಬಿಜೆಪಿ ಓಟು ಏರಿದ್ರೂ ಸೀಟು ಬರ್ಲಿಲ್ಲ, ಉತ್ತರದ ಕಡೆ ಇಳಿದದ್ದು ಸೀಟನ್ನೇ ತಿಂದುಹಾಕ್ತು.

ಎರಡೇ ಪಾರ್ಟಿ ಇರುವ ಕಡೆ ಆಟ ಇನ್ನೂ ಸೂಕ್ಷ್ಮ. ನೂರರಲ್ಲಿ ಒಬ್ಬ ಆಚೆಯಿಂದ ಈಚೆ ಬಂದ್ರೆ ಅಂತರ ಒಂದಲ್ಲ, ಎರಡು, ಯಾಕಂದ್ರೆ ಸಿಟ್ಟು ಬಂದವನಿಗೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ. ಹಿಮಾಚಲದಲ್ಲಿ 1985ರ ನಂತರ ಯಾವ ಸರ್ಕಾರವೂ ರಿಪೀಟ್ ಆಗ್ಲಿಲ್ಲ, 2022ರಲ್ಲಿ ಕಾಂಗ್ರೆಸ್, ಬಿಜೆಪಿ ಮಧ್ಯೆ ಒಂದು ಪರ್ಸೆಂಟ್ ಕೂಡ ವ್ಯತ್ಯಾಸ ಇರ್ಲಿಲ್ಲ, ಆದ್ರೂ ಸೀಟು 40ಕ್ಕೆ 25. ಎರಡೂ ಕಡೆ ಏನಾದ್ರೂ ಕದಲದ ಓಟು ಬೇಕಾದಷ್ಟು ಉಂಟು, ತೀರ್ಮಾನ ಮಾಡುದು ಮಧ್ಯದ ನಾಲ್ಕು ಜನ.

ಮತ್ತೆ ಆಳುವ ಪಾರ್ಟಿಯ ಒಳಗೆ ನೋಡಿ. ಅಧಿಕಾರ ಇದ್ದಲ್ಲಿ ಟಿಕೆಟಿಗೆ ಕ್ಯೂ ಜಾಸ್ತಿ, ಸಿಗದವ ಸುಮ್ಮನೆ ಕೂರುದಿಲ್ಲ. 2023ರ ಪುತ್ತೂರು ಗೊತ್ತುಂಟಲ್ಲ, ಆಗ ಆಳ್ತಾ ಇದ್ದ ಬಿಜೆಪಿಯ ಟಿಕೆಟ್ ಸಿಗದ ಅರುಣ್ ಕುಮಾರ್ ಪುತ್ತಿಲ ಪಕ್ಷೇತರ ನಿಂತ್ರು, ಓಟು ಒಡೀತು, ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ನಾಲ್ಕು ಸಾವಿರ ಚಿಲ್ಲರೆ ಅಂತರದಲ್ಲಿ ಗೆದ್ರು, ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯ್ತು. ಇದಕ್ಕೆ ಆಡಳಿತ ವಿರೋಧಿ ಅಲೆ ಅಂತ ಹೆಸರಿಟ್ರೆ ಹೇಗೆ?

ಮಗುಚದ ಜಾಗವನ್ನೂ ಲೆಕ್ಕಕ್ಕೆ ತಗೊಳ್ಳಿ. ಉಡುಪಿಯ ಐದಕ್ಕೆ ಐದೂ 2018ರಲ್ಲೂ 2023ರಲ್ಲೂ ಬಿಜೆಪಿಗೇ, ಬೆಂಗಳೂರಲ್ಲಿ ಸರ್ಕಾರ ಬದಲಾದ್ರೂ ಇಲ್ಲಿ ಎಂತದೂ ಆಗ್ಲಿಲ್ಲ. ಹಾಗಂತ ಕರಾವಳಿ ಕಲ್ಲು ಅಂದ್ಕೊಂಡ್ರೆ 2013 ತೆಗ್ದು ನೋಡಿ, ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಕಾಂಗ್ರೆಸ್‌ಗೆ ಹೋಗಿತ್ತು. ಪಕ್ಕದ ಕೇರಳದಲ್ಲಿ ಒಂದ್ಸಲ ಅವ್ರು ಒಂದ್ಸಲ ಇವ್ರು ಅನ್ನುವ ಪದ್ಧತಿಯನ್ನು 2021ರಲ್ಲಿ ಎಡರಂಗ ಮುರೀತು, ಹಾಗಾಗಿ ಇದು ನಿಯಮ ಅಲ್ಲ, ಬರೀ ಒಲವು. ಅಮೆರಿಕದ್ದನ್ನು ಹೋಲಿಸುವಾಗ ಹುಷಾರು, ಅಲ್ಲಿ ಅಧ್ಯಕ್ಷರು ಎರಡು ಸಲಕ್ಕಿಂತ ಹೆಚ್ಚು ಗೆಲ್ಲುವ ಹಾಗೇ ಇಲ್ಲ, ಹಾಗಾಗಿ ಆಳು ಬದಲಾದ್ದೆಲ್ಲ ಜನರ ಸಿಟ್ಟಿಂದ ಅಂತ ಹೇಳ್ಲಿಕ್ಕಾಗುದಿಲ್ಲ.

ಇಷ್ಟಾದ ಮೇಲೂ ಆಸಕ್ತಿ ಉಳಿದ್ರೆ ನಿಮ್ಮ ಕ್ಷೇತ್ರದ ಫಾರ್ಮ್ 20 ಡೌನ್‌ಲೋಡ್ ಮಾಡಿ, ಅದ್ರಲ್ಲಿ ಬೂತ್‌ವಾರು ಓಟು ಇರ್ತದೆ. ಎರಡು ಚುನಾವಣೆ ಹೋಲಿಸುವಾಗ ಬೂತ್ ನಂಬರ್ ನಂಬ್ಬೇಡಿ, ನಂಬರ್ ಬದಲಾಗ್ತಾ ಇರ್ತದೆ, ಶಾಲೆ ಹೆಸರು ನೋಡಿ ಹೊಂದಿಸಿ. ಅಂಚೆ ಓಟು ಕೊನೆಗೆ ಬೇರೆ ಸಾಲಲ್ಲಿ ಇರ್ತದೆ, ಅದನ್ನು ಬಿಟ್ರೆ ಟೋಟಲ್ ಟ್ಯಾಲಿ ಆಗುದಿಲ್ಲ.