ವರ್ಷ ತುಂಬಿದ ಮಗುವಿನ ಬೆಳವಣಿಗೆ: ಮನೆಯಲ್ಲೇ ನೋಡುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಮಗುವಿಗೆ ವರ್ಷ ತುಂಬಿತೆಂದರೆ ನೆಂಟರಿಷ್ಟರು ಮೊದಲು ಕೇಳುವುದು "ನಡೀತಾನಾ?" ಎಂದೇ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಆರೋಗ್ಯವಂತ ಮಕ್ಕಳು ಸ್ವಂತವಾಗಿ ನಡೆಯಲು ಶುರುಮಾಡುವುದು ಸುಮಾರು 8ರಿಂದ 18 ತಿಂಗಳೊಳಗೆ. ಅಂಬೆಗಾಲಿಡದೆಯೇ ಎದ್ದು ನಿಲ್ಲುವ ಮಕ್ಕಳೂ ಇದ್ದಾರೆ. ವರ್ಷಕ್ಕೆ ಮಂಚ, ಕುರ್ಚಿ ಹಿಡಿದು ಎದ್ದು ಪಕ್ಕಕ್ಕೆ ಹೆಜ್ಜೆ ಹಾಕಿದರೆ ಸಾಕು. ವಾಕರ್ ಮಾತ್ರ ಬೇಡವೇ ಬೇಡ: ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳುತ್ತದೆಯೇ ಹೊರತು ತೂಕ ಹೊತ್ತು ನಿಲ್ಲಲು ಕಲಿಯುವುದಿಲ್ಲ, ಜಗಲಿಯ ಮೆಟ್ಟಿಲಿಂದ ಉರುಳುವ ಭಯ ಬೇರೆ. ನುಣುಪು ನೆಲದ ಮೇಲೆ ಬರಿಗಾಲೇ ಒಳ್ಳೆಯದು, ಸಾಕ್ಸ್ ಜಾರುತ್ತದೆ.

ನಿಜವಾಗಿ ನೋಡಬೇಕಾದದ್ದು ಕಿವಿ, ಕೈ, ಸನ್ನೆ. ಹೊಟ್ಟೆ ತುಂಬಿ, ನಿದ್ದೆಯಾದ ಹೊತ್ತಲ್ಲಿ ಟಿವಿ ಆರಿಸಿ ನೋಡಿ.

ಮಗು ಆಟದಲ್ಲಿದ್ದಾಗ ಹಿಂದಿನಿಂದ, ಒಂದು ಮೀಟರ್ ದೂರದಲ್ಲಿ ಮೆಲ್ಲನೆ ಹೆಸರು ಕರೆಯಿರಿ. ನಿಮ್ಮ ನೆರಳು ಬೀಳಬಾರದು. ತಟ್ಟೆ ಬಡಿದು ನೋಡುವುದು ಸರಿಯಲ್ಲ. ಕೇಳಿಸದ ಮಗುವೂ ನೆಲದ ಅದುರಿಗೆ ತಿರುಗೀತು. ಹುಟ್ಟಿದಾಗಿನ ಕಿವಿ ಪರೀಕ್ಷೆ ಸರಿಯಿದ್ದರೂ ಆಮೇಲೆ ತೊಂದರೆ ಬರಬಹುದು.

ಮೆತ್ತಗೆ ಬೆಂದ ಕುಚ್ಚಲಕ್ಕಿಯ ಒಂದು ಅಗುಳನ್ನು ಮುಂದಿಡಿ. ಹೆಬ್ಬೆರಳು, ತೋರುಬೆರಳ ತುದಿಯಿಂದ ಹೆಕ್ಕಬೇಕು. ಎರಡೂ ಕೈಗೆ ಅವಕಾಶ ಕೊಡಿ. ಕಡಲೆಬೀಜ ಬೇಡ, ಗಂಟಲಿಗೆ ಸಿಕ್ಕೀತು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಎಳೆದು ಹುಡುಕುತ್ತದೆಯೇ? ಟಾಟಾ ಮಾಡುತ್ತದೆಯೇ, ಎತ್ತಿಕೊಳ್ಳಿ ಎಂದು ಕೈ ಚಾಚುತ್ತದೆಯೇ?

ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ, ಮನೆಮಾತಲ್ಲೇ ಮಾತಾಡಿಸಿ. ತುಳುವಿನಲ್ಲಿ "ಇಂಚಿ ಬಲ" (ಇಲ್ಲಿ ಬಾ) ಎಂದಾಗ ಬಂದರೂ ಅರ್ಥವಾಯಿತೆಂದೇ ಲೆಕ್ಕ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ.

ಅವಧಿಗೆ ಮುಂಚೆ ಹುಟ್ಟಿದ್ದರೆ ಅಷ್ಟು ವಾರವನ್ನು ಮಗುವಿನ ವಯಸ್ಸಿನಿಂದ ಕಳೆಯಿರಿ: 40ರ ಬದಲು 34 ವಾರಕ್ಕೆ ಹುಟ್ಟಿದ್ದರೆ 6 ವಾರ.

"ಇವನಪ್ಪನೂ ತಡವಾಗಿ ಮಾತಾಡಿದ್ದು" ಎಂದು ಕಾಯುವುದರಲ್ಲೇ ಅಮೂಲ್ಯ ತಿಂಗಳುಗಳು ಹೋಗುತ್ತವೆ. ಸದ್ದಿಗೆ ತಿರುಗದಿದ್ದರೆ, ಬಾಬಾ-ದಾದಾ ಎಂಬ ತೊದಲಿಲ್ಲದಿದ್ದರೆ, ಸನ್ನೆಯೇ ಇಲ್ಲದಿದ್ದರೆ, ಹಿಡಿದರೂ ನಿಲ್ಲದಿದ್ದರೆ, ಒಂದೇ ಕೈ ಬಳಸುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕಲಿತದ್ದನ್ನು ಮರೆತರೆ ಅದೇ ವಾರ ಹೋಗಿ. ಅಂಗನವಾಡಿಯಲ್ಲೂ ಹೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಉಚಿತ. ತಾಯಿ ಕಾರ್ಡ್ ಜತೆ ಮಗು ಮನೆಯಲ್ಲಿ ಆಡುವ ವಿಡಿಯೋವನ್ನೂ ಒಯ್ಯಿರಿ, ಆಸ್ಪತ್ರೆಯಲ್ಲಿ ಅಳುವ ಮಗು ಏನನ್ನೂ ಮಾಡಿ ತೋರಿಸುವುದಿಲ್ಲ.